ಕಾವಲಿನ ಸೀಮೆಗೆ ಹೊಸ ಕಾವಲುಗಾರರು ಬೇಕು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ‘ಕಾವಲು’ ಎಂಬ ಮಾತಿಗೆ ಎರಡು ಅರ್ಥ. ಒಂದು ಪಹರೆ, ಇನ್ನೊಂದು ದನ–ಕುರಿ ಮೇಯುವ ಹುಲ್ಲುಗಾವಲು. ಅಮೃತ ಮಹಲ್ ತಳಿಯ ದನಗಳಿಗಾಗಿ ಮೈಸೂರು ಅರಸರ ಕಾಲದಿಂದ ಮೀಸಲಾಗಿದ್ದ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ವಿಜ್ಞಾನ ನಗರಿಯ ಪಾಲಾಗಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಸಿಕ್ಕಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೊದ ಮರುಬಳಕೆ ಉಡಾವಣಾ ವಾಹನ 2023ರ ಏಪ್ರಿಲ್‌ನಿಂದ 2024ರ ಜೂನ್ ನಡುವೆ ಮೂರು ಬಾರಿ ಇಲ್ಲಿನ ರನ್‌ವೇ ಮೇಲೆ ತಾನಾಗಿಯೇ ಬಂದಿಳಿಯಿತು.

ಈ ಸಂಸ್ಥೆಗಳ ಗೋಡೆ, ಗೇಟು, ಗೇಟಿನ ಪಹರೆ ನಮಗೆಲ್ಲ ಕಾಣುತ್ತವೆ. ಆದರೆ ಇಂಥ ಕಡೆ ಕಣ್ಣಿಟ್ಟವರು ಈಗ ಗೋಡೆ ಹಾರುವುದಿಲ್ಲ, ಕೇಬಲ್‌ನೊಳಗಿಂದ ಬರುತ್ತಾರೆ. ಆ ದಾರಿ ಕಾಯುವುದು ಹೇಗೆ, ಅದರಲ್ಲಿ ನಮ್ಮಂಥ ತಾಲ್ಲೂಕು ಕೇಂದ್ರದ ಯುವಕರಿಗೆ ಪಾಲಿದೆಯೇ ಎಂಬುದು ನನ್ನ ಪ್ರಶ್ನೆ.

ಕಳ್ಳತನಕ್ಕೆ ಮೊದಲು ಕಳ್ಳ ಓಣಿ ಸುತ್ತುತ್ತಾನೆ. ಯಾವ ಮನೆಗೆ ಬೀಗವಿದೆ, ನಾಯಿ ಎಲ್ಲಿದೆ, ಹಿತ್ತಲ ಬಾಗಿಲು ಗಟ್ಟಿಯಿದೆಯೇ ಎಂದು ನೋಡಿಕೊಳ್ಳುತ್ತಾನೆ. ನೆಟ್‌ವರ್ಕ್‌ನಲ್ಲೂ ದಾಳಿಗೆ ಮೊದಲು ಇಂಥದ್ದೇ ಹೊಂಚು ನಡೆಯುತ್ತದೆ. ಇದಕ್ಕೆ ರೆಕಾನೆಸೆನ್ಸ್ ಎನ್ನುತ್ತಾರೆ, ಕನ್ನಡದಲ್ಲಿ ಬೇಹುಗಾರಿಕೆ ಎನ್ನಬಹುದು.

ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಮಾಲ್‌ವೇರ್ ಸಿಕ್ಕಿದ್ದು ನಿಜವೆಂದು ಅಣು ವಿದ್ಯುತ್ ನಿಗಮ 2019ರ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್–ಇನ್ ಗಮನಕ್ಕೆ ಅದು ಬಂದದ್ದು ಸೆಪ್ಟೆಂಬರ್ 4ರಂದು. ಸೋಂಕು ತಗುಲಿದ್ದು ರಿಯಾಕ್ಟರ್ ನಡೆಸುವ ವ್ಯವಸ್ಥೆಗಲ್ಲ. ಆಡಳಿತದ ಕೆಲಸಕ್ಕಾಗಿ ಇಂಟರ್‌ನೆಟ್ ಸಂಪರ್ಕವಿದ್ದ ಒಬ್ಬ ಬಳಕೆದಾರರ ಕಂಪ್ಯೂಟರ್‌ಗೆ. ಡಿಟ್ರ್ಯಾಕ್ ಎಂಬ ಆ ಮಾಲ್‌ವೇರ್ ಮಾಡುವ ಮುಖ್ಯ ಕೆಲಸವೇ ಬೇಹುಗಾರಿಕೆ. ಯಂತ್ರದ ಐಪಿ ವಿಳಾಸ, ಸುತ್ತಮುತ್ತಲಿನ ನೆಟ್‌ವರ್ಕ್‌ಗಳು, ಆಗ ನಡೆಯುತ್ತಿರುವ ಸಂಪರ್ಕಗಳು, ಕಡತಗಳ ಪಟ್ಟಿ, ಬ್ರೌಸರ್ ಇತಿಹಾಸ ಎಲ್ಲವನ್ನೂ ಅದು ಕಲೆಹಾಕುತ್ತದೆ.

ಇದರಿಂದ ನಾನು ತೆಗೆದುಕೊಂಡ ಪಾಠ ಇಷ್ಟೇ: ದೊಡ್ಡ ಸಂಸ್ಥೆಯ ಬಾಗಿಲು ತಟ್ಟುವವರು ಮೊದಲು ಬರುವುದು ಪ್ರಯೋಗಾಲಯಕ್ಕಲ್ಲ, ಕಚೇರಿಯ ಮೇಜಿಗೆ. ಆ ಮೇಜಿನ ಮುಂದೆ ಕೂರುವುದು ನಮ್ಮಂಥ ಡಾಟಾ ಎಂಟ್ರಿ ಆಪರೇಟರ್, ಗುಮಾಸ್ತ, ಗುತ್ತಿಗೆ ನೌಕರ.

ಹಾಗಾದರೆ ಹೊಂಚನ್ನು ಗುರುತಿಸುವುದು ಹೇಗೆ? ಮನೆಯಲ್ಲಿ ಎರಡು ಹಳೆಯ ಲ್ಯಾಪ್‌ಟಾಪ್ ಜೋಡಿಸಿ ನಾನು ನೋಡಿದ್ದೇನೆ. ಒಂದರಲ್ಲಿ ಎನ್‌ಮ್ಯಾಪ್ ಓಡಿಸಿ, ಇನ್ನೊಂದರಲ್ಲಿ ವೈರ್‌ಶಾರ್ಕ್ ತೆರೆದು ಕೂತರೆ ಸಾಕು. ಎರಡೂ ಉಚಿತ ತಂತ್ರಾಂಶಗಳು. ಸಾಮಾನ್ಯವಾಗಿ ಟಿಸಿಪಿ ಸಂಪರ್ಕ ಮೂರು ಹೆಜ್ಜೆಯಲ್ಲಿ ಕೂಡಿಕೊಳ್ಳುತ್ತದೆ: ಒಬ್ಬ ‘ಸಿನ್’ ಕಳಿಸುತ್ತಾನೆ, ಎದುರಿನವ ‘ಸಿನ್–ಆಕ್’ ಎಂದು ಒಪ್ಪುತ್ತಾನೆ, ಮೊದಲಿನವ ‘ಆಕ್’ ಎಂದು ಮುಗಿಸುತ್ತಾನೆ. ಸಿನ್ ಸ್ಕ್ಯಾನ್ ಮಾಡುವವನು ಮೂರನೇ ಹೆಜ್ಜೆ ಇಡುವುದೇ ಇಲ್ಲ. ಬಾಗಿಲು ತಟ್ಟಿ, ಒಳಗಿನಿಂದ ‘ಯಾರು?’ ಎಂದ ಕೂಡಲೇ ಓಡಿಹೋಗುವ ಹುಡುಗರಂತೆ. ಕೆಲವೇ ಸೆಕೆಂಡುಗಳಲ್ಲಿ ಸಾವಿರ ಪೋರ್ಟ್‌ಗಳಿಗೆ ಸಿನ್ ಹೋಗಿರುತ್ತದೆ. ಮುಚ್ಚಿದ ಪೋರ್ಟ್‌ಗಳಿಂದ ‘ರೀಸೆಟ್’ ಉತ್ತರಗಳು ಸಾಲುಸಾಲಾಗಿ ಬರುತ್ತವೆ, ಪೂರ್ತಿಯಾದ ಸಂಪರ್ಕ ಒಂದೂ ಇರುವುದಿಲ್ಲ.

ಹೊಂಚಿನಲ್ಲಿ ಬಗೆಗಳಿವೆ. ಒಂದೇ ಯಂತ್ರದ ಅನೇಕ ಪೋರ್ಟ್‌ಗಳನ್ನು ತಟ್ಟುವುದು ಒಂದು ಬಗೆ. ಒಂದೇ ಪೋರ್ಟ್ ಹಿಡಿದು ನೂರಾರು ಯಂತ್ರಗಳನ್ನು ತಟ್ಟುವುದು ಇನ್ನೊಂದು. 2016ರಲ್ಲಿ ಹಬ್ಬಿದ ಮಿರಾಯ್ ಬಾಟ್‌ನೆಟ್, ಟೆಲ್ನೆಟ್‌ನ 23ನೇ ಪೋರ್ಟ್ ತೆರೆದಿಟ್ಟ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿದ್ದು ಹೀಗೆಯೇ. ಮೂರನೆಯದು ಹೆಸರುಗಳ ಊಹೆ: ಮೇಲ್, ಟೆಸ್ಟ್, ಅಡ್ಮಿನ್, ಬ್ಯಾಕಪ್ ಎಂದು ಒಂದಾದ ಮೇಲೊಂದು ಕೇಳುತ್ತಾ ಹೋದಾಗ ಡಿಎನ್ಎಸ್ ಸರ್ವರ್‌ನಿಂದ ‘ಅಂಥ ಹೆಸರಿಲ್ಲ’ ಎಂಬ ಉತ್ತರಗಳು ರಾಶಿ ಬೀಳುತ್ತವೆ. ನಾಲ್ಕನೆಯದು ಒಳಗಿನ ಹೊಂಚು. ಲೆಕ್ಕಪತ್ರ ವಿಭಾಗದ ಕಂಪ್ಯೂಟರ್ ದಿನವೂ ಪ್ರಿಂಟರ್, ಫೈಲ್ ಸರ್ವರ್ ಜೊತೆ ಮಾತ್ರ ಮಾತಾಡುತ್ತದೆ. ಅದು ಒಂದು ರಾತ್ರಿ ಇದ್ದಕ್ಕಿದ್ದಂತೆ ಅಕ್ಕಪಕ್ಕದ 254 ವಿಳಾಸಗಳನ್ನೂ ‘ಯಾರಿದ್ದೀರಿ?’ ಎಂದು ಕೇಳತೊಡಗಿದರೆ, ಒಳಗೆ ಯಾರೋ ಬಂದು ಕೂತಿದ್ದಾರೆ ಎಂದೇ ಅನುಮಾನಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ನಿಧಾನದ ಹೊಂಚು. ಎನ್‌ಮ್ಯಾಪ್‌ನಲ್ಲಿ ಐದು ನಿಮಿಷಕ್ಕೊಂದೇ ಪ್ಯಾಕೆಟ್ ಕಳಿಸುವ ವಿಧಾನವಿದೆ. ದಿನಕ್ಕೆ 288 ತಟ್ಟು, ಅಷ್ಟೇ. ‘ಒಂದು ನಿಮಿಷದಲ್ಲಿ ನೂರು ಬಂದರೆ ಎಚ್ಚರಿಸು’ ಎಂದು ಹೇಳಿಟ್ಟ ಯಂತ್ರ ಇದಕ್ಕೆ ಬಾಯಿ ಬಿಡುವುದೇ ಇಲ್ಲ. ಹಲವು ದಿನಗಳ ಲಾಗ್ ಇಟ್ಟುಕೊಂಡು ಒಟ್ಟಿಗೆ ನೋಡಿದವರಿಗೆ ಮಾತ್ರ ಅದು ಕಾಣುತ್ತದೆ. ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿದ್ದರೂ ಚಿಂತೆಯಿಲ್ಲ. ಏನು ಮಾತಾಡಿದರು ಎಂಬುದು ಮುಚ್ಚಿಹೋಗಬಹುದು, ಯಾರು ಯಾರೊಂದಿಗೆ, ಯಾವಾಗ, ಎಷ್ಟು ಸಲ ಎಂಬುದು ಮುಚ್ಚಿಹೋಗದು.

ತಟ್ಟಿದವರೆಲ್ಲ ಕಳ್ಳರೂ ಅಲ್ಲ. 2013ರಲ್ಲಿ ಬಂದ ಝೀಮ್ಯಾಪ್ ಎಂಬ ಸಾಧನ ಇಡೀ ಐಪಿವಿ4 ವಿಳಾಸಗಳನ್ನು ಸುಮಾರು 45 ನಿಮಿಷದಲ್ಲಿ ತಟ್ಟಿ ಬರಬಲ್ಲದು. ಶೋಡಾನ್, ಸೆನ್ಸಿಸ್‌ನಂಥ ಹುಡುಕು ಸೇವೆಗಳು ಸದಾ ಸುತ್ತುತ್ತಿರುತ್ತವೆ. ಹೊರಗಿನ ಪ್ರತಿ ಸ್ಕ್ಯಾನಿಗೂ ಗಾಬರಿಯಾದರೆ ಕೆಲಸ ಮಾಡಲಾಗದು. ಆದರೆ ಅದೇ ವಿಳಾಸ ಮತ್ತೆ ಮತ್ತೆ ಬಂದರೆ, ತೆರೆದಿದ್ದ ಒಂದೇ ಪೋರ್ಟ್‌ಗೆ ಮರಳಿ ಬಂದು ಪಾಸ್‌ವರ್ಡ್ ಊಹಿಸತೊಡಗಿದರೆ, ಒಳಗಿನ ಯಂತ್ರವೇ ತಟ್ಟತೊಡಗಿದರೆ, ಆಗ ಮಾತು ಬೇರೆ. ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ಬುಟ್ಟಾ ಸಾಲು ತಪ್ಪಿದ್ದು ಕೂಡಲೇ ಕಾಣುತ್ತದೆ, ಏಕೆಂದರೆ ಸರಿಯಾದ ಸಾಲು ಹೇಗಿರುತ್ತದೆಂದು ಅವರಿಗೆ ಗೊತ್ತು. ಇಲ್ಲಿಯೂ ಅಷ್ಟೇ. ತನ್ನ ನೆಟ್‌ವರ್ಕ್‌ನ ದಿನನಿತ್ಯದ ನಡೆ ಗೊತ್ತಿಲ್ಲದವನಿಗೆ ಅಸಹಜವಾದದ್ದು ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ? ಸರ್ಟ್–ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಆ ಪಟ್ಟಿಯ ಮೊದಲ ಸಾಲೇ ನಿರ್ಣಾಯಕ ನೆಟ್‌ವರ್ಕ್‌ಗಳನ್ನು ಗುರಿಯಿಟ್ಟು ಸ್ಕ್ಯಾನ್ ಮಾಡುವುದು. 180 ದಿನಗಳ ಲಾಗ್ ಇಡುವುದೂ ಕಡ್ಡಾಯ. ಸರ್ಕಾರಿ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತವೆ. ನಿಯಮ ಚೆನ್ನಾಗಿದೆ. ಆದರೆ ‘ಗಮನಕ್ಕೆ ಬಂದ’ ಎಂಬ ಮಾತಿನಲ್ಲೇ ತೊಡಕಿದೆ. ನೋಡುವವರೇ ಇಲ್ಲದ ಕಡೆ ಆರು ಗಂಟೆಯ ಗಡಿಯಾರ ಶುರುವಾಗುವುದೇ ಇಲ್ಲ.

2025ರ ಆರಂಭದಲ್ಲಿ ಕಾವೇರಿ–2.0 ತಂತ್ರಾಂಶದ ಮೇಲೆ ಕೋರಿಕೆಗಳ ಸುರಿಮಳೆಯ ದಾಳಿ ನಡೆದಾಗ ರಾಜ್ಯದಾದ್ಯಂತ ನೋಂದಣಿ ಕುಂಟಿತು, ಜನ ಕೇಳಿದರು, ದೂರು ದಾಖಲಾಯಿತು. ಅದು ಕಣ್ಣಿಗೆ ಕಾಣುವ ದಾಳಿ. ಹೊಂಚು ಹಾಗಲ್ಲ, ಅದರಿಂದ ಯಾರ ಕೆಲಸವೂ ನಿಲ್ಲುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್‌ನಲ್ಲಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಲಾಕ್ ಆಯಿತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸದೇ ಇದ್ದದ್ದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಒಳಗೆ ಗೋಡೆಗಳಿಲ್ಲದ ಮನೆಯಲ್ಲಿ ಒಂದು ಕೋಣೆಗೆ ನುಗ್ಗಿದವನಿಗೆ ಎಲ್ಲ ಕೋಣೆಗಳೂ ಸಿಗುತ್ತವೆ.

ಈಗ ನಮ್ಮ ಪಾಲಿನ ಮಾತು. ಕಾವಲು ಹೋದಾಗ ಊರವರ ಎದೆಯಲ್ಲಿದ್ದದ್ದು ‘ನಮ್ಮ ಮಕ್ಕಳಿಗೇನು ಸಿಗುತ್ತದೆ?’ ಎಂಬ ಪ್ರಶ್ನೆ. ಡಿಆರ್‌ಡಿಒ, ಇಸ್ರೊ ನೇಮಕಾತಿ ರಾಷ್ಟ್ರಮಟ್ಟದ್ದು. ಊರು ಹತ್ತಿರವಿದೆ ಎಂದು ಯಾರೂ ಕೆಲಸ ಕೊಡುವುದಿಲ್ಲ. ಟ್ರಾಫಿಕ್ ಕಾಯುವ ಕೆಲಸ ಮಾತ್ರ ಆ ಗೋಡೆಗಳ ಒಳಗಷ್ಟೇ ಇಲ್ಲ. ಸಹಕಾರ ಬ್ಯಾಂಕು, ಆಸ್ಪತ್ರೆ, ಬೆಸ್ಕಾಂ, ತಾಲ್ಲೂಕು ಕಚೇರಿ, ಕಾಲೇಜು ಎಲ್ಲಕ್ಕೂ ಅದು ಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್‌ನ ಮೊದಲ ಮೆಟ್ಟಿಲಿನ ಹುದ್ದೆ ಇದೇ: ಎಚ್ಚರಿಕೆಗಳನ್ನು ನೋಡಿ, ಸುಳ್ಳು ಯಾವುದು, ನಿಜ ಯಾವುದು ಎಂದು ವಿಂಗಡಿಸುವುದು.

ಕಲಿಯಲು ದುಬಾರಿ ಲ್ಯಾಬ್ ಬೇಡ. ವೈರ್‌ಶಾರ್ಕ್, ಝೀಕ್, ಸುರಿಕಾಟ ಎಲ್ಲ ಉಚಿತ. ಆದರೆ ಒಂದು ಎಚ್ಚರ: ಸ್ವಂತ ಯಂತ್ರಗಳ ಮೇಲಷ್ಟೇ ಪ್ರಯೋಗಿಸಿ. ಅನುಮತಿಯಿಲ್ಲದೆ ಬೇರೆಯವರ ವ್ಯವಸ್ಥೆಗೆ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ವಿಜ್ಞಾನ ನಗರಿಯ ನೆಟ್‌ವರ್ಕ್ ‘ಸುಮ್ಮನೆ ನೋಡೋಣ’ ಎಂಬ ಕುತೂಹಲಕ್ಕೆ ಎಂದಿಗೂ ಎಡೆಕೊಡಬೇಡಿ.

ಕೇಳಬೇಕಾದದ್ದನ್ನೂ ಕೇಳೋಣ. ಚಳ್ಳಕೆರೆ, ಮೊಳಕಾಲ್ಮೂರಿನ ಡಿಗ್ರಿ, ಡಿಪ್ಲೊಮಾ ಕಾಲೇಜುಗಳಲ್ಲಿ ವಾರಕ್ಕೊಂದು ತರಗತಿ ಪ್ಯಾಕೆಟ್ ಓದಲು ಕಲಿಸಲಿ. ಕುದಾಪುರದ ಕ್ಯಾಂಪಸ್ ಶಿಕ್ಷಕರಿಗೆ ತರಬೇತಿ ಕೊಡುತ್ತಲೇ ಇದೆ, ಈ ವಿಷಯವೂ ಅಲ್ಲಿ ಸೇರಲಿ. ಪ್ರತಿ ತಾಲ್ಲೂಕಿನಲ್ಲಿ ಸರ್ಕಾರಿ ನೆಟ್‌ವರ್ಕ್‌ನ ಲಾಗ್ ನೋಡುವ ಹೊಣೆ ಒಬ್ಬರ ಹೆಸರಿನಲ್ಲಿರಲಿ, ಆ ಹುದ್ದೆಗೆ ತರಬೇತಿ ಪಡೆದ ಸ್ಥಳೀಯರು ಅರ್ಜಿ ಹಾಕುವಂತಾಗಲಿ. ತಲೆತಲಾಂತರದಿಂದ ಈ ಸೀಮೆಯ ಜನ ಹುಲ್ಲುಗಾವಲಲ್ಲಿ ದನ, ಕುರಿ ಕಾಯ್ದಿದ್ದಾರೆ. ದೂರದಲ್ಲಿ ಧೂಳೆದ್ದರೆ ಅದು ಗಾಳಿಯೋ ತೋಳವೋ ಎಂದು ಹೇಳಬಲ್ಲ ಕಣ್ಣು ಅವರದು. ಅದೇ ಕಣ್ಣನ್ನು ಪರದೆಯ ಮೇಲೆ ಪಳಗಿಸುವ ಅವಕಾಶ ಅವರ ಮಕ್ಕಳಿಗೆ ಸಿಗಲಿ.