ಬಿಸಿಲ ಸೀಮೆಯಲ್ಲಿ ಬೆಳ್ಳಗಾಗುವ ಬೆಲೆ

ಪಶ್ಚಿಮದ ದೇಶಗಳು ಟ್ಯಾನಿಂಗ್ ಹಾಸಿಗೆಗೆ ಹಾಕಿದ ಲಗಾಮನ್ನು ನಾವು ಸ್ಟೆರಾಯ್ಡ್ ಮುಲಾಮಿಗೆ ಹಾಕಬೇಕಿದೆ

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ಶುರುವಾದ ಕೆಲಸ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೂ ಈ ವ್ಯವಸ್ಥೆಯೊಳಗೆ ಬರುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೂ ಈ ಸೀಮೆಯ ಬಿಸಿಲು ತಡೆಯದು ಎಂದು ಸರ್ಕಾರವೇ ಒಪ್ಪಿದಂತಾಯಿತು. ಆದರೆ ಪರರ ಹೊಲಕ್ಕೆ ಕೂಲಿಗೆ ಹೋಗುವ, ಕಟ್ಟಡಕ್ಕೆ ಇಟ್ಟಿಗೆ ಹೊರುವ, ರಸ್ತೆಗೆ ಜಲ್ಲಿ ಹಾಕುವ ಹೆಣ್ಣುಮಕ್ಕಳಿಗೆ ಅಂಥ ವೇಳಾಪಟ್ಟಿ ಇಲ್ಲ. ದುಡಿದು ಅವರ ಮುಖ ಕಪ್ಪಿಡುತ್ತದೆ. ಆಮೇಲೆ ಹೆಣ್ಣು ನೋಡಲು ಬಂದವರು ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಎನ್ನುತ್ತಾರೆ. ದುಡಿಮೆಗೆ ಬೀಳುವ ದಂಡ ಇದು. ಅದನ್ನು ತೀರಿಸಲು ಅನೇಕರು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಸಿಗುವ ‘ಬೆಳ್ಳಗಾಗುವ ಟ್ಯೂಬು’ ಅವರಿಗೆ ಇನ್ನೂ ದೊಡ್ಡ ದಂಡ ವಿಧಿಸುತ್ತದೆ.

ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಆಸೆಯ ದಿಕ್ಕು ಇದಕ್ಕೆ ತಿರುವುಮುರುವು. ಅಲ್ಲಿ ಹೊಲ, ಬೀದಿಗಳಲ್ಲಿ ದುಡಿಯುವವರ ಮೈ ಕಂದುತ್ತಿದ್ದ ಕಾಲದಲ್ಲಿ ಬಿಳಿಚಿದ ಮೈಯೇ ಸಿರಿವಂತಿಕೆಯ ಗುರುತಾಗಿತ್ತು. ಕೂಲಿಕಾರರು ಕಾರ್ಖಾನೆಯ ಸೂರಿನಡಿಗೆ ಹೋದ ಮೇಲೆ, ಇಪ್ಪತ್ತನೇ ಶತಮಾನದಲ್ಲಿ, ಕಂದಿದ ಮೈ ಸಮುದ್ರ ತೀರದಲ್ಲಿ ರಜೆ ಕಳೆಯಬಲ್ಲವರ ಅಂತಸ್ತಾಯಿತು. ಮೈಬಣ್ಣಕ್ಕೆ ಬೆಲೆ ಕಟ್ಟಿದ್ದು ಅಲ್ಲಿಯೂ ಇಲ್ಲಿಯೂ ಒಂದೇ: ಯಾರು ಬಿಸಿಲಲ್ಲಿ ದುಡಿಯುತ್ತಾರೆ, ಯಾರು ನೆರಳಲ್ಲಿ ಕೂರುತ್ತಾರೆ ಎಂಬುದು.

ಆ ಆಸೆಯ ಮೇಲೆ ಬೆಳೆದ ಉದ್ಯಮವೇ ಟ್ಯಾನಿಂಗ್ ಹಾಸಿಗೆ. ನೇರಳಾತೀತ ಕಿರಣ ಬೀರುವ ದೀಪಗಳ ನಡುವೆ ಮಲಗಿದರೆ ಕೆಲವೇ ನಿಮಿಷಗಳ ಸರದಿಗಳಲ್ಲಿ ಮೈ ಕಂದುತ್ತದೆ. ಆ ಕಿರಣಗಳು ಚರ್ಮದ ಜೀವಂತ ಪದರಗಳಿಗೆ ಇಳಿದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ಗಾಯಗೊಂಡ ಚರ್ಮ ತನ್ನ ರಕ್ಷಣೆಗೆಂದು ಹೆಚ್ಚು ಮೆಲನಿನ್ ಉತ್ಪಾದಿಸಿದ್ದೇ ಕಂದು ಬಣ್ಣವಾಗಿ ಕಾಣುತ್ತದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಉಪಕರಣಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಇವುಗಳ ಬಳಕೆಯನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ರಾಜ್ಯಗಳೂ ಒಂದೊಂದಾಗಿ ವಾಣಿಜ್ಯ ಟ್ಯಾನಿಂಗ್ ಕೇಂದ್ರಗಳಿಗೆ ಬೀಗ ಹಾಕಿದವು. ಹಲವು ದೇಶಗಳು 18 ವರ್ಷದೊಳಗಿನವರಿಗೆ ಪ್ರವೇಶ ನಿರ್ಬಂಧಿಸಿದವು.

ಕಂದಬೇಕೆಂಬ ಆಸೆ ಇದರಿಂದ ಸಾಯಲಿಲ್ಲ. ಅದಕ್ಕೆ ಬಿಸಿಲೂ ದೀಪವೂ ಬೇಡದ ಇನ್ನೊಂದು ದಾರಿ ಇತ್ತು: ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆ ಜಾತಿಯ ರಾಸಾಯನಿಕವಿರುವ ಲೇಪನ. ಚರ್ಮದ ಅತಿ ಮೇಲಿನ ಸತ್ತ ಪದರದಲ್ಲಿರುವ ಅಮೈನೊ ಆಮ್ಲಗಳ ಜೊತೆ ಅದು ವರ್ತಿಸಿ ಕಂದು ಬಣ್ಣ ಕೊಡುತ್ತದೆ. ನಮ್ಮ ಮದರಂಗಿಯೂ ಮೇಲ್ಪದರಕ್ಕಷ್ಟೇ ರಂಗು ಹತ್ತಿಸಿ, ಆ ಪದರ ಉದುರಿದಂತೆ ಮಾಸುತ್ತದಲ್ಲ, ಹಾಗೆಯೇ ಈ ಬಣ್ಣವೂ ಸುಮಾರು ಒಂದು ವಾರದಲ್ಲಿ ಹೋಗುತ್ತದೆ. ಇದಕ್ಕೂ ಮಿತಿಗಳಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಮೈಮೇಲೆ ಹಚ್ಚಲು ಮಾತ್ರ ಒಪ್ಪಿದೆ. ಸಿಂಪಡಿಸುವಾಗ ಕಣ್ಣು, ತುಟಿಗೆ ತಾಗಬಾರದು, ಉಸಿರಿಗೆ ಹೋಗಬಾರದು. ಹಚ್ಚಿಕೊಂಡರೆ ಬಿಸಿಲಿನಿಂದ ಸಾಕಷ್ಟು ರಕ್ಷಣೆ ಸಿಗುತ್ತದೆ ಎಂದೂ ನಂಬುವಂತಿಲ್ಲ. ಆದರೂ ಎರಡು ದಾರಿಗಳ ಅಂತರ ಸ್ಪಷ್ಟ. ಒಂದು ಜೀವಂತ ಚರ್ಮದೊಳಗೆ ಇಳಿಯುತ್ತದೆ, ಇನ್ನೊಂದು ಸತ್ತ ಪದರದ ಮೇಲೆಯೇ ನಿಲ್ಲುತ್ತದೆ. ಆ ದೇಶಗಳು ಜನರ ಮನಸ್ಸು ಬದಲಾಗಲಿ ಎಂದು ಕಾಯಲಿಲ್ಲ. ಅಪಾಯದ ದಾರಿಗೆ ಮೊದಲು ಕಾನೂನಿನ ಲಗಾಮು ಹಾಕಿದವು.

ನಮ್ಮ ಐದು ತಾಲ್ಲೂಕುಗಳಲ್ಲಿ ಟ್ಯಾನಿಂಗ್ ಹಾಸಿಗೆಯನ್ನು ಕಂಡವರಿಲ್ಲ. ಇಲ್ಲಿ ಬೇಕಿರುವುದು ಟ್ಯಾನ್ ತೆಗೆಸುವುದು. ಆದರೆ ಬೆಳ್ಳಗಾಗುವ ಪ್ರತಿಯೊಂದು ಸಾಧನಕ್ಕೂ ಕೇಳಬೇಕಾದ ಪ್ರಶ್ನೆ ಅದೇ: ಇದು ಚರ್ಮದ ಎಷ್ಟು ಆಳಕ್ಕೆ ಇಳಿಯುತ್ತದೆ? ಕಡಲೆಹಿಟ್ಟು, ಮೊಸರು ಮೇಲ್ಮೈಯಲ್ಲೇ ಇರುತ್ತವೆ. ಪಾರ್ಲರಿನ ಬ್ಲೀಚು ಕೆಲವರಿಗೆ ಉರಿ, ಅಲರ್ಜಿ ತಂದರೂ ಮುಖ್ಯವಾಗಿ ಮಾಡುವುದು ಮುಖದ ನವಿರು ಕೂದಲಿನ ಬಣ್ಣ ತಿಳಿಯಾಗಿಸುವ ಕೆಲಸ. ಭಯಪಡಬೇಕಾದದ್ದು ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್‌ನಂಥ ಸ್ಟೆರಾಯ್ಡ್ ಇರುವ ಮುಲಾಮುಗಳಿಗೆ.

ಇವು ಔಷಧಗಳು. ವೈದ್ಯರ ಕೈಯಲ್ಲಿ ಇಸುಬಿಗೂ ಇತರ ಚರ್ಮರೋಗಗಳಿಗೂ ಬೇಕಾದವು. ಬಂಗು ಎಂದು ನಾವು ಕರೆಯುವ ಮುಖದ ಕಪ್ಪು ಕಲೆಗೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟೆರಾಯ್ಡ್ ಬೆರೆಸಿದ ಮುಲಾಮನ್ನು ಚರ್ಮತಜ್ಞರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವುದುಂಟು. ಅದೇ ಟ್ಯೂಬು ಚೀಟಿಯಿಲ್ಲದೆ ಕೈಗೆ ಬಂದು, ಸ್ನೋ ಪೌಡರ್‌ನಂತೆ ದಿನವೂ ಮುಖಕ್ಕೆ ಹತ್ತಿದಾಗ ಕಥೆ ಬೇರೆ. ಮೊದಲ ವಾರಗಳಲ್ಲಿ ಸ್ಟೆರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ, ಮೆಲನಿನ್ ತಯಾರಿಕೆಯನ್ನು ತಗ್ಗಿಸಿ ಮುಖವನ್ನು ತಿಳಿಯಾಗಿಸುತ್ತದೆ. ಇದನ್ನು ಕಂಡು ನೆರೆಮನೆಯಾಕೆಯೂ ಅದನ್ನೇ ತರಿಸುತ್ತಾಳೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ಕಾಣುತ್ತವೆ. ಮೊಡವೆ, ಬೇಡದ ಕೂದಲು ಬರುತ್ತವೆ. ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ, ಕೆಂಪು ಇಮ್ಮಡಿಯಾಗುವುದರಿಂದ ಆಕೆ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತಾಳೆ. ಹೈಡ್ರೊಕ್ವಿನೋನ್ ಅನ್ನು ದೀರ್ಘಕಾಲ ಹಚ್ಚಿದರೆ ಕೆಲವರ ಮುಖದಲ್ಲಿ ನೀಲಿಗಪ್ಪು ಕಲೆ ಶಾಶ್ವತವಾಗಿ ಕೂರುತ್ತದೆ. ಕಪ್ಪು ಹೋಗಲೆಂದು ಹಚ್ಚಿದ್ದೇ ಹೋಗದ ಕಪ್ಪನ್ನು ತರುತ್ತದೆ.

ಹೊಲದಲ್ಲಿ ದುಡಿಯುವವರಿಗೆ ಇದರ ಪೆಟ್ಟು ಹೆಚ್ಚು. ನಮ್ಮ ಚರ್ಮದ ಮೆಲನಿನ್ ಬಿಸಿಲಿಗೆ ಒಡ್ಡಿದ ಸಹಜ ತಡೆ. ಬಿಳಿಯರಿಗೆ ಹೋಲಿಸಿದರೆ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ ಇರುವುದಕ್ಕೆ ಇದೇ ಮುಖ್ಯ ಕಾರಣ. ಆ ತಡೆಯನ್ನು ಸವೆಸಿಕೊಂಡ ಮುಖ ಮರುದಿನ ಮತ್ತೆ ಬಿಸಿಲಿಗೇ ಹೋಗಬೇಕು. ಎ.ಸಿ. ಕೋಣೆಯಲ್ಲಿ ಕೆಲಸ ಮಾಡುವವರಿಗೆ ತಪ್ಪಿಸಿಕೊಳ್ಳಲು ನೆರಳಾದರೂ ಇದೆ.

ಇದು ಊಹೆಯ ಮಾತಲ್ಲ. ದೇಶದ 12 ಕೇಂದ್ರಗಳಲ್ಲಿ ಚರ್ಮತಜ್ಞರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2,926 ರೋಗಿಗಳ ಪೈಕಿ 433 ಮಂದಿ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. ಮನೆಯೊಳಗಿನಿಂದಲೇ ಬರುವ ದಾರಿಯೂ ಒಂದಿದೆ. ಹುಳುಕಡ್ಡಿಗೆಂದು ತಂದ ಮುಲಾಮುಗಳಲ್ಲೂ ಸ್ಟೆರಾಯ್ಡ್ ಬೆರೆತಿರುವುದುಂಟು. ಗಂಡನ ತುರಿಕೆಗೆ ತಂದು ಉಳಿದದ್ದು ಹೆಂಡತಿಯ ಮುಖಕ್ಕೆ ಬಂದರೆ ಆಶ್ಚರ್ಯವಿಲ್ಲ.

ಇನ್ನೊಂದು ಅಪಾಯ ಚರ್ಮವನ್ನೂ ದಾಟಿ ಒಳಗಿಳಿಯುವಂಥದ್ದು. ಮೆಲನಿನ್ ತಯಾರಾಗದಂತೆ ತಡೆಯುವ ಪಾದರಸವನ್ನು ಕಂಪನಿ, ವಿಳಾಸ ಇಲ್ಲದ ಕೆಲವು ಕ್ರೀಮುಗಳಲ್ಲಿ ಬೆರೆಸಲಾಗುತ್ತದೆ. ಅದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳನ್ನು ಬೆನ್ನತ್ತಿದಾಗ, ಅವರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದ್ದು ತಿಳಿಯಿತು. ಮುಖದ ಕ್ರೀಮಿಗೂ, ಮೂತ್ರಪಿಂಡ ಕೆಟ್ಟಾಗ ಬರುವ ಕಾಲಿನ ಬಾವಿಗೂ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ವೈದ್ಯರು ಕೇಳದಿದ್ದರೆ ರೋಗಿ ಹೇಳುವುದೂ ಇಲ್ಲ.

ಕಾನೂನಿಗೆ ಕೊರತೆಯಿಲ್ಲ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಚ್ಚುವ ಮುಲಾಮುಗಳಿಗಿದ್ದ ವಿನಾಯಿತಿ ತೆಗೆದು, 14 ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ‘ಎಚ್’ ಅನುಸೂಚಿಗೆ ಬಿಗಿಯಾಗಿ ತಂದಿತು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕಣ್ಣಿನ ಭಾಗಕ್ಕೆ ಬಳಸುವವನ್ನು ಬಿಟ್ಟು ಉಳಿದ ಯಾವ ಪ್ರಸಾಧನದಲ್ಲೂ ಪಾದರಸ ಹತ್ತು ಲಕ್ಷಕ್ಕೆ ಒಂದು ಭಾಗ ಮೀರುವಂತಿಲ್ಲ. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಕಪ್ಪು ಮೈಯವರನ್ನು ಕೀಳಾಗಿ ತೋರಿಸಬಾರದು ಎಂದಿತು. 1975ರಿಂದ ‘ಫೇರ್’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದ್ದ ದೇಶದ ಹೆಸರಾಂತ ಕ್ರೀಮು 2020ರಲ್ಲಿ ಆ ಪದವನ್ನು ಕೈಬಿಟ್ಟು ‘ಗ್ಲೋ’ ಎಂದಾಯಿತು. ಕಾಗದದ ಮೇಲೆ ಇಷ್ಟೆಲ್ಲ ಆಗಿದೆ. ಕೊಟ್ಟೂರಿನ ತೇರಿಗೆ, ಮೈಲಾರದ ಜಾತ್ರೆಗೆ ಬರುವ ಹೆಣ್ಣುಮಗಳು ಅಂಗಡಿಯ ಮುಂದೆ ನಿಂತಾಗ ಇದ್ಯಾವುದೂ ಆಕೆಯ ಪಕ್ಕಕ್ಕೆ ಬಂದು ನಿಲ್ಲುವುದಿಲ್ಲ.

ಆದ್ದರಿಂದ ಕೆಲಸ ಆಗಬೇಕಾದದ್ದು ತಾಲ್ಲೂಕು ಮಟ್ಟದಲ್ಲಿ. ಔಷಧ ಪರಿವೀಕ್ಷಕರು ಈ ಐದು ತಾಲ್ಲೂಕುಗಳ ಮೆಡಿಕಲ್ ಶಾಪುಗಳಿಗೆ ಎಷ್ಟು ಸ್ಟೆರಾಯ್ಡ್ ಟ್ಯೂಬು ಬಂತು, ಎಷ್ಟಕ್ಕೆ ವೈದ್ಯರ ಚೀಟಿ ಇದೆ ಎಂದು ತಾಳೆ ನೋಡಬೇಕು. ಸಂತೆ, ಜಾತ್ರೆಗಳಲ್ಲಿ ಮಾರುವ ವಿಳಾಸವಿಲ್ಲದ ಕ್ರೀಮುಗಳ ಮಾದರಿಯನ್ನು ಪಾದರಸದ ಪರೀಕ್ಷೆಗೆ ಕಳಿಸಬೇಕು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ‘ಮುಖಕ್ಕೆ ಏನು ಹಚ್ಚುತ್ತೀರವ್ವ? ಟ್ಯೂಬು ತೋರಿಸಿ’ ಎಂದು ಕೇಳುವಂತಾಗಬೇಕು. ಪೊಟ್ಟಣದ ಮೇಲೆ ಕೆಂಪು ಗೆರೆ, ‘ಆರ್‌ಎಕ್ಸ್’ ಗುರುತು ಇದ್ದರೆ ಅದು ವೈದ್ಯರು ಕೊಡಬೇಕಾದ ಔಷಧ ಎಂಬುದನ್ನು ಹೈಸ್ಕೂಲಿನ ಹುಡುಗಿಯರಿಗೆ ಕಲಿಸುವುದು ಕಷ್ಟವಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ತಾವಾಗಿ ನಿಲ್ಲಿಸಿ ಉರಿಯಲ್ಲಿ ಬೇಯದೆ, ಸರ್ಕಾರಿ ಆಸ್ಪತ್ರೆಯ ಚರ್ಮತಜ್ಞರ ಸಲಹೆಯಂತೆ ಬಿಡಬೇಕು.

ಜೊತೆಗೆ ಬಿಸಿಲಿನ ಪ್ರಶ್ನೆಯನ್ನು ಕೂಲಿಯ ಪ್ರಶ್ನೆಯಾಗಿ ನೋಡಬೇಕು. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂಬ ಸಲಹೆ ದಿನಗೂಲಿಯವರ ಕೈಗೆ ಎಟುಕದು. ಅವರಿಗೆ ಬೇಕಿರುವುದು ತುಂಬುತೋಳಿನ ಅಂಗಿ, ತಲೆಗೆ ಸೆರಗು ಅಥವಾ ಟವೆಲು, ಕುಡಿಯುವ ನೀರು, ಮಧ್ಯಾಹ್ನದ ಬಿಡುವು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿ ಸ್ಥಳದಲ್ಲಿ ನೀರು, ನೆರಳು ಇರಬೇಕು ಎಂದಿತ್ತು. ಆ ನಿಯಮ ಖಾಸಗಿ ಕಟ್ಟಡ, ಹೊಲಗಳಿಗೂ ವಿಸ್ತರಿಸಬೇಕು. ಕಚೇರಿಗೆ ಬೇಸಿಗೆ ವೇಳಾಪಟ್ಟಿ ಬರೆಯಬಲ್ಲ ಸರ್ಕಾರ ಕೂಲಿಗೂ ಒಂದನ್ನು ಬರೆಯಬಲ್ಲದು.

ಕಪ್ಪಿನ ಮೇಲಿನ ಅಸಡ್ಡೆ ಹೋಗಲು ಒಂದು ತಲೆಮಾರಾದರೂ ಬೇಕು. ಅದನ್ನು ಹೋಗಲಾಡಿಸಬೇಕಾದವರು ಹೆಣ್ಣು ನೋಡಲು ಹೋಗುವ ನಾವೇ. ಆದರೆ ಚೀಟಿಯಿಲ್ಲದ ಟ್ಯೂಬು ತಡೆಯಲು ತಲೆಮಾರು ಕಾಯಬೇಕಿಲ್ಲ. ಕಾನೂನು ಇದೆ, ಅಧಿಕಾರಿಗಳಿದ್ದಾರೆ, ಅಂಗಡಿಗಳ ವಿಳಾಸವೂ ಗೊತ್ತಿದೆ. ಮನಸ್ಸುಗಳು ಬದಲಾಗುವ ಹೊತ್ತಿಗೆ ಈ ಹೆಣ್ಣುಮಕ್ಕಳ ಚರ್ಮ, ಮೂತ್ರಪಿಂಡಗಳು ಹಾಳಾಗಿರಬಾರದು. ಜಿಲ್ಲಾಡಳಿತ ಈ ಬೇಸಿಗೆಯಲ್ಲೇ ಆ ಕೆಲಸ ಶುರುಮಾಡಲಿ.