ಲಿಸ್ಪಿಗೆ ಯಾವ ಎಕ್ಸ್‌ಎಂಎಲ್ ಪಾರ್ಸರ್?

ಲಿಸ್ಪ್ ಬರೆಯುವವರಿಗೆ ಎಕ್ಸ್‌ಎಂಎಲ್ ಕಂಡರೆ ಸ್ವಲ್ಪ ತಾತ್ಸಾರ. ಇದೂ ನಮ್ಮ ಬ್ರಾಕೆಟ್ಟುಗಳೇ, ಮೈಮೇಲೆ ಒಡವೆ ಜಾಸ್ತಿ ಅಷ್ಟೆ ಅನ್ನುವ ಧೋರಣೆ :) ಹಾಗಾಗಿ ಕಾಮನ್ ಲಿಸ್ಪ್‌ನಲ್ಲಿ ಪಾರ್ಸರ್ ಹುಡುಕುವಾಗ ಎಕ್ಸ್‌ಎಂಎಲ್‌ಎಸ್‌ನಂಥ ಪುಟ್ಟ ಲೈಬ್ರರಿಯ ಮೇಲೆ ಮನಸ್ಸಾಗುವುದು ಸಹಜ. ಫೈಲನ್ನು ಲಿಸ್ಟ್ ರೂಪದಲ್ಲಿ ಕೈಗಿಡುತ್ತದೆ, ಇನ್ನೇನು ಬೇಕು? ನನ್ನ ಮಟ್ಟಿಗೆ ಮಾತ್ರ ಮೊದಲ ಆಯ್ಕೆ ಸಿಎಕ್ಸ್‌ಎಂಎಲ್. ಯಾಕೆ ಅಂತ ಹೇಳುತ್ತೇನೆ.

ನಮ್ಮ ಬ್ಲಾಗುಗಳನ್ನೇ ತೆಗೆದುಕೊಳ್ಳಿ. ಬ್ಲಾಗರ್‌ನಿಂದ ಬ್ಯಾಕಪ್ ಇಳಿಸಿಕೊಂಡರೆ ಪೋಸ್ಟುಗಳು ಬರುವುದು ಆಟಮ್ ರೂಪದಲ್ಲಿ. 2005ರಲ್ಲಿ ಸ್ಟ್ಯಾಂಡರ್ಡ್ ಆದ ಇದೂ ಎಕ್ಸ್‌ಎಂಎಲ್ಲೇ. 2009ರಲ್ಲಿ ಜಿಯೋಸಿಟೀಸ್, ಜಪಾನ್ ಬಿಟ್ಟು ಉಳಿದ ಕಡೆ ಬಾಗಿಲು ಹಾಕಿತು. ಬಿಟ್ಟಿ ಜಾಗ ಯಾವತ್ತಿದ್ದರೂ ಪರರದ್ದು, ನಮ್ಮ ಆಸ್ತಿ ಆ ಬ್ಯಾಕಪ್ ಫೈಲು ಒಂದೇ.

ಅಂಥ ಫೈಲು ಅರ್ಧಕ್ಕೇ ಡೌನ್‌ಲೋಡ್ ಆಗಿದ್ದರೆ ಪಾರ್ಸರ್ ಸುಮ್ಮನಿರಬಾರದು, ಗಲಾಟೆ ಮಾಡಬೇಕು. ಸಿಎಕ್ಸ್‌ಎಂಎಲ್ ನಿಯಮ ತಪ್ಪಿದ ಕಡೆ ಎರರ್ ಕೊಟ್ಟು ನಿಂತುಬಿಡುತ್ತದೆ. ಇನ್ನು ಗಾತ್ರದ ವಿಷಯ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟೂ 3 ಬೈಟ್. ನೋಡಲು ಒಂದೇ ಅಕ್ಷರವಾದ 'ಕ್ಷಿ'ಯಲ್ಲಿ ಕ, ವಿರಾಮ, ಷ, ಇಕಾರ ಸೇರಿ ನಾಲ್ಕು, ಅಂದರೆ 12 ಬೈಟ್! ವರ್ಷಗಟ್ಟಲೆ ಬರೆದವರ ಫೈಲು ಚಿಕ್ಕದೇನಲ್ಲ. ಸಿಎಕ್ಸ್‌ಎಂಎಲ್‌ನ ಕ್ಲ್ಯಾಕ್ಸ್ ಬಳಸಿದರೆ ಇಡೀ ಮರವನ್ನು ಮೆಮೊರಿಯಲ್ಲಿ ಕಟ್ಟದೆ ಒಂದೊಂದೇ ಪೋಸ್ಟನ್ನು ಎಳೆದುಕೊಳ್ಳಬಹುದು. ಸ್ಯಾಕ್ಸ್, ಡಾಮ್ ಕೂಡ ಇವೆ. ಲಿಸ್ಟೇ ಬೇಕು ಅಂತ ಹಟ ಹಿಡಿದರೆ ಎಕ್ಸ್‌ಎಂಎಲ್‌ಎಸ್ ಮಾದರಿಯ ಲಿಸ್ಟನ್ನೂ ಅದೇ ಕಟ್ಟಿಕೊಡುತ್ತದೆ.

ಭಾರ ಜಾಸ್ತಿ, ಬೇರೆ ಲೈಬ್ರರಿಗಳನ್ನೂ ಜೊತೆಗೆ ಎಳೆದು ತರುತ್ತದೆ ಅನ್ನುವ ದೂರಿದೆ. ನಿಜ. ಆದರೆ 2010ರಲ್ಲಿ ಕ್ವಿಕ್‌ಲಿಸ್ಪ್ ಬಂದ ಮೇಲೆ ಅದು ಒಂದು ಸಾಲಿನ ಕೆಲಸ.

ಒಂದು ಕಡೆ ಮಾತ್ರ ಸಿಎಕ್ಸ್‌ಎಂಎಲ್ ಬೇಡ. ಪ್ರತಿ ಪೋಸ್ಟಿನ ಹೊಟ್ಟೆಯಲ್ಲಿರುವುದು ಎಚ್‌ಟಿಎಂಎಲ್. ಅಲ್ಲಿ ಮುಚ್ಚದೆ ಬಿಟ್ಟ ಟ್ಯಾಗುಗಳು ಮಾಮೂಲು. ಅದನ್ನು ಪ್ಲಂಪ್‌ಗೆ ಕೊಡಿ, ಅದು ತಪ್ಪುಒಪ್ಪು ನುಂಗಿಕೊಂಡು ಹೋಗುವಂಥದ್ದು. ಹಾಗಂತ ಇಡೀ ಬ್ಯಾಕಪ್ಪನ್ನೇ ಪ್ಲಂಪ್ ಕೈಗೆ ಕೊಡಬೇಡಿ. ಕಳೆದುಹೋದದ್ದನ್ನು ನುಂಗಿಕೊಂಡರೆ ನಮಗೆ ಗೊತ್ತಾಗುವುದು ಯಾವಾಗ?

ಕೋಡ್ ಚಂದ ಕಾಣಬೇಕು, ಒಪ್ಪಿದೆ. ಆದರೆ ಬರೆದದ್ದು ಉಳಿಯುವುದು ಅದಕ್ಕಿಂತ ಮುಖ್ಯ. ನೀವೇನಂತೀರಿ?