ಮಣ್ಣೆತ್ತಿಗೆ ದಪ್ಪ ಬಣ್ಣ ಬಳಿದರೆ ಬಿರುಕು ಬಿಡುವುದಿಲ್ಲವೇ?

ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಪುಟ್ಟ ಎತ್ತುಗಳಿಗೆ ಪೂಜೆ. ಹೊಸದಾಗಿ ಬಣ್ಣ ಹಚ್ಚುವಾಗ ನಾವು ಮಾಡುವ ಮೊದಲ ತಪ್ಪು, ಹಸಿ ಮಣ್ಣಿಗೇ ದಪ್ಪಗೆ ಬಳಿಯುವುದು. ಬಣ್ಣ ಬಿರುಕನ್ನು ತಡೆಯುವುದಿಲ್ಲ; ನೀರಾರಿದಂತೆ ಮಣ್ಣು ಕುಗ್ಗಿ, ಬಣ್ಣ ಸಿಪ್ಪೆಯಂತೆ ಏಳುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ತೆಳುವಾಗಿ ಎರಡು ಸಲ ಬಳಿಯೋಣ.

ದೊಡ್ಡ ತಪ್ಪೆಂದರೆ, ಗೇಟಿಗೆ ಬಳಿದು ಉಳಿದ ಹಳೆಯ ಆಯಿಲ್ ಪೇಂಟ್ ಬಳಸುವುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಹೆಚ್ಚು ಸೀಸ ಇರಬಹುದು. ಎತ್ತು ಹಿಡಿದ ಮಗುವಿನ ಕೈ ಬಾಯಿಗೆ ಹೋಗುತ್ತದೆ. ಸೀಸ ಮಿದುಳಿನ ಬೆಳವಣಿಗೆಗೆ ಕುತ್ತು. ಎತ್ತಿನ ಅಂದಕ್ಕೆ ಕೆಮ್ಮಣ್ಣೇ ಸಾಕು.